ಸೈಕಲಿನಲ್ಲಿ ಸಂತೆ, ಸಾಮಾನು, ಸೆಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ತುಳುವರ ಮಾಯಿ ತಿಂಗಳ ಬೆಳಗು ಇನ್ನೂ ತಂಪಾಗಿರುತ್ತದೆ. ಮುಂದಿನ ತಿಂಗಳು ಸುಗ್ಗಿ ಕಾಲಿಡುವಾಗ ಒಂಬತ್ತು ಗಂಟೆಗೇ ಬೆವರು ಇಳಿಯತೊಡಗುತ್ತದೆ. ಈ ನಡುವಿನ ಆರು ವಾರಗಳಲ್ಲಿ, ಅಂದರೆ ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ, ಮನೆಯ ದಿನನಿತ್ಯದ ಓಡಾಟವನ್ನು ಸೈಕಲಿನಲ್ಲೇ ಮುಗಿಸುವುದು ಹೇಗೆಂದು ಹಲವರು ಬರೆದು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಮನೆ ಕದ್ರಿಯಲ್ಲಿ, ಎತ್ತರದ ಜಾಗ. ನನ್ನದು ಗೇರ್ ಇಲ್ಲದ ಸೈಕಲ್. ಪೇಟೆಗೆ ಇಳಿಯುವಾಗ ಪೆಡಲ್ ತುಳಿಯಬೇಕೆಂದೇ ಇಲ್ಲ. ಚೀಲ ಹೇರಿಕೊಂಡು ಬರುವಾಗ ಮಾತ್ರ ಅರ್ಧ ಏರಿನಲ್ಲೇ ಇಳಿದು ತಳ್ಳಬೇಕಾಗುತ್ತದೆ. ಗೇರ್ ಸೈಕಲ್ ಕೊಳ್ಳಲೇಬೇಕೇ? (ಗೃಹಿಣಿ, ಮಂಗಳೂರು)

ಉತ್ತರ: ಈಗಲೇ ಬೇಡ. ಮೊದಲು ಯಾವ ಸಾಮಾನನ್ನು ಎಲ್ಲಿ ಕೊಳ್ಳುತ್ತೀರಿ ಎಂಬುದನ್ನು ಬದಲಿಸಿ ನೋಡಿ. ಮಂಗಳೂರಿನ ಹಳೆಯ ಪೇಟೆ ಇರುವುದು ತಗ್ಗಿನಲ್ಲಿ. ಬಂದರು, ರಥಬೀದಿ, ಸ್ಟೇಟ್‌ಬ್ಯಾಂಕ್ ಎಲ್ಲ ಕೆಳಗೆ. ಕದ್ರಿ, ಬಾವುಟಗುಡ್ಡೆಯ ಮನೆಗಳು ಮೇಲೆ. ನಿಮ್ಮ ತೂಕ 60 ಕಿಲೋ, ಸೈಕಲಿನದು 18 ಕಿಲೋ ಎಂದಿಟ್ಟುಕೊಂಡರೆ, 10 ಕಿಲೋ ಚೀಲವೊಂದು ಏರಿನ ಶ್ರಮವನ್ನು ಎಂಟರಲ್ಲಿ ಒಂದು ಪಾಲಿನಷ್ಟು ಹೆಚ್ಚಿಸುತ್ತದೆ. ಸಮತಟ್ಟು ರಸ್ತೆಯಲ್ಲಿ ಅದೇ ಚೀಲ ಇರುವುದೇ ಗೊತ್ತಾಗುವುದಿಲ್ಲ. ಹಾಗಾಗಿ ಅಕ್ಕಿ, ತೆಂಗಿನಕಾಯಿ, ಎಣ್ಣೆ, ಸೌತೆಕಾಯಿಯಂಥ ಭಾರದ ಸಾಮಾನನ್ನು ಮನೆಯ ಎತ್ತರದಲ್ಲೇ ಇರುವ ಅಂಗಡಿಯಿಂದ ತನ್ನಿ, ನಾಲ್ಕು ರೂಪಾಯಿ ಹೆಚ್ಚಾದರೂ ಪರವಾಗಿಲ್ಲ. ಕೆಳಗಿನ ಪೇಟೆಯಿಂದ ಸೊಪ್ಪು, ಹೂ, ಔಷಧಿ, ಮೀನಿನಂಥ ಹಗುರದ್ದು ಸಾಕು. ಮಣಿಪಾಲದಿಂದ ಉಡುಪಿಗೆ ಇಳಿದು ಹೋಗುವವರಿಗೂ ಇದೇ ಮಾತು.

ಎರಡನೆಯದು ಸೀಟು. ಹೆಚ್ಚಿನವರು ಅದನ್ನು ತೀರಾ ತಗ್ಗಿಸಿಟ್ಟಿರುತ್ತಾರೆ. ಏರಿನಲ್ಲಿ ಮಂಡಿ ನೋಯುವುದಕ್ಕೆ ಅರ್ಧ ಕಾರಣ ಅದೇ. ಸೀಟಿನ ಮೇಲೆ ಕುಳಿತು, ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಆಗ ಮಂಡಿ ಸ್ವಲ್ಪವೇ ಮಡಚಿರುತ್ತದೆ. ಇಷ್ಟು ಎತ್ತರಕ್ಕೆ ಒಮ್ಮೆಗೇ ಹೋದರೆ ಭಯವಾಗುತ್ತದೆ. ದಿನಕ್ಕೆ ಅರ್ಧ ಇಂಚಿನಂತೆ ಏರಿಸಿ.

ಇಷ್ಟಾದರೂ ಸಾಲದಿದ್ದರೆ ಫ್ರೀವೀಲ್, ಅಂದರೆ ಹಿಂದಿನ ಚಕ್ರದ ಹಲ್ಲುಗಾಲಿ, ಬದಲಿಸಿ. ಮುಂದಿನ ಚೈನ್‌ವೀಲ್ ಮತ್ತು ಹಿಂದಿನ ಫ್ರೀವೀಲ್, ಎರಡರ ಹಲ್ಲುಗಳನ್ನೂ ಎಣಿಸಿ. ಮುಂದೆ 44, ಹಿಂದೆ 18 ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ 2.44 ಸುತ್ತು ತಿರುಗುತ್ತದೆ. ಹಿಂದೆ 22 ಹಲ್ಲಿನದನ್ನು ಹಾಕಿಸಿದರೆ 2 ಸುತ್ತು. ಕಾಲಿಗೆ ಬೀಳುವ ಒತ್ತಡ ಸುಮಾರು 18 ಶೇಕಡ ಇಳಿಯುತ್ತದೆ. ಬದಲಿಗೆ ಕಳೆದುಕೊಳ್ಳುವುದೇನು? 28 ಇಂಚು ಚಕ್ರದ ಸೈಕಲಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯುವವರು ಗಂಟೆಗೆ 19 ಕಿ.ಮೀ. ಹೋಗುತ್ತಿದ್ದರೆ, ಇನ್ನು ಮುಂದೆ 16 ಹೋಗುತ್ತಾರೆ. ಹಾಲು, ತರಕಾರಿ ತರಲು ಅದು ಧಾರಾಳ ಸಾಕು.

ಫ್ರೀವೀಲನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ತುಳಿದಷ್ಟೂ ಅದು ಬಿಗಿಯಾಗುತ್ತಲೇ ಇರುತ್ತದೆ. ಅದಕ್ಕೆ ಹೊಂದುವ ಬಿಚ್ಚುವ ಸಾಧನವನ್ನು ವೈಸಿನಲ್ಲಿ (ಮೇಜಿಗೆ ಬಿಗಿದ ಇಕ್ಕಳದಲ್ಲಿ) ಹಿಡಿದು ಚಕ್ರವನ್ನೇ ತಿರುಗಿಸಬೇಕಾಗುತ್ತದೆ. ಹೊಸದನ್ನು ಕೂರಿಸುವ ಮೊದಲು ತಿರುಪಿನ ಮರೆಗಳಿಗೆ ಗ್ರೀಸ್ ಹಚ್ಚಲು ಹೇಳಿ, ಇಲ್ಲದಿದ್ದರೆ ಉಪ್ಪುಗಾಳಿಗೆ ಅದು ಅಲ್ಲೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. 4 ಹಲ್ಲು ಹೆಚ್ಚಾದಾಗ ಚೈನಿನ ಉದ್ದ 1 ಇಂಚು ಹೆಚ್ಚು ಬೇಕು, ಅಥವಾ ಹಿಂದಿನ ಚಕ್ರ ಅರ್ಧ ಇಂಚು ಮುಂದೆ ಸರಿಯಬೇಕು. ಚಕ್ರ ಸರಿದರೆ ಬ್ರೇಕ್ ರಬ್ಬರ್ ರಿಮ್ಮಿನ ಮೇಲೆ ಸರಿಯಾಗಿ ಕೂರುತ್ತಿದೆಯೇ ಎಂದು ಮತ್ತೆ ನೋಡಲೇಬೇಕು. ಕೆಲಸ ಮುಗಿದ ಮೇಲೆ ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಒತ್ತಿದಾಗ ಮೇಲೆ ಕೆಳಗೆ ಒಟ್ಟು ಅರ್ಧ ಇಂಚು ಆಡಬೇಕು.

ಇನ್ನೂ ಕಡಿದಾದ ಕಡೆ ಇಳಿದು ತಳ್ಳಿ, ಅದರಲ್ಲಿ ನಾಚಿಕೆಪಡುವುದಕ್ಕೇನಿದೆ? ಸೈಕಲಿನ ಎಡಬದಿಗೆ ನಿಂತು ತಳ್ಳಿ. ಆಗ ನಿಮಗೂ ವಾಹನಗಳಿಗೂ ನಡುವೆ ಸೈಕಲ್ ಇರುತ್ತದೆ. ಚೈನು ಬಲಬದಿಯಲ್ಲಿರುವುದರಿಂದ ಸೀರೆಗೆ ಎಣ್ಣೆ ಹತ್ತುವುದೂ ಇಲ್ಲ.

ಪ್ರಶ್ನೆ: ಕುಂಜಿಬೆಟ್ಟಿನಿಂದ ಮಲ್ಪೆಗೆ ಮೀನಿಗಾಗಿ ಸೈಕಲಿನಲ್ಲಿ ಹೋಗುತ್ತೇನೆ. ಯಾವ ಹೊತ್ತು ಒಳ್ಳೆಯದು? ಮೀನನ್ನು ಕೆಡದಂತೆ ತರುವುದು ಹೇಗೆ? (ನಿವೃತ್ತ ನೌಕರರು, ಉಡುಪಿ)

ಉತ್ತರ: ಈ ದಾರಿಯಲ್ಲಿ ಸೆಕೆಗಿಂತ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಸೂರ್ಯನ ದಿಕ್ಕು. ಉಡುಪಿ–ಮಲ್ಪೆ ರಸ್ತೆ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿದೆ. ಮಾರ್ಚ್ 20ರ ಆಸುಪಾಸಿನಲ್ಲಿ ಸೂರ್ಯ ನೇರ ಪೂರ್ವಕ್ಕೆ ಹುಟ್ಟಿ ನೇರ ಪಶ್ಚಿಮಕ್ಕೆ ಇಳಿಯುತ್ತಾನೆ. ಮಾರ್ಚ್ ಮೊದಲ ವಾರ ಇಲ್ಲಿ ಸೂರ್ಯೋದಯ ಸುಮಾರು 6.45ಕ್ಕೆ, ಸೂರ್ಯಾಸ್ತ ಸುಮಾರು 6.40ಕ್ಕೆ. ನೀವು ಏಳೂಕಾಲಕ್ಕೆ ಮಲ್ಪೆಯಿಂದ ಹೊರಟರೆ ಬಿಸಿಲು ನಿಮ್ಮ ಕಣ್ಣಿಗೆ ಮಾತ್ರವಲ್ಲ, ನಿಮ್ಮ ಹಿಂದಿನಿಂದ ಬರುವ ಬಸ್ಸು, ಮೀನಿನ ಟೆಂಪೋಗಳ ಚಾಲಕರ ಕಣ್ಣಿಗೂ ಹೊಡೆಯುತ್ತದೆ. ಅವರಿಗೆ ನೀವು ಕಾಣಿಸುವುದೇ ಇಲ್ಲ. ಬೆಳಕಿಗೆ ಎದುರಾಗಿ ನೋಡುವಾಗ ಹಳದಿ ಅಂಗಿಯೂ ಕಪ್ಪಾಗಿಯೇ ತೋರುತ್ತದೆ. ಮಿನುಗುವ ಕೆಂಪು ಹಿಂದೀಪವನ್ನು ಹಗಲಲ್ಲೂ ಉರಿಸುವುದೇ ಸರಿಯಾದ ದಾರಿ. ಆದ್ದರಿಂದ ಆರೂವರೆಗೆ ದೀಪ ಹಾಕಿಕೊಂಡು ಹೊರಡಿ, ಮೀನು ಕೊಂಡು, ಎಂಟು ಗಂಟೆಯ ಮೇಲೆ ಮರಳಿ. ಅಷ್ಟರಲ್ಲಿ ಸೂರ್ಯ ಕಣ್ಣಿನ ಮಟ್ಟದಿಂದ ಸಾಕಷ್ಟು ಮೇಲೇರಿರುತ್ತಾನೆ. ಸಂಜೆ ಆರರಿಂದ ಆರೂವರೆಯ ನಡುವೆ ಮಲ್ಪೆ ಕಡೆಗೆ ಹೋಗುವವರಿಗೂ ಇದೇ ತೊಂದರೆ. ಕರಾವಳಿ ಜಂಕ್ಷನ್‌ನಲ್ಲಿ ಹೆದ್ದಾರಿ ದಾಟುವಾಗ ಸೈಕಲಿನಿಂದ ಇಳಿದೇ ದಾಟಿ.

ಗಾಳಿಯನ್ನೂ ನೋಡಿಕೊಳ್ಳಿ. ಬೆಳಿಗ್ಗೆ ನೆಲದ ಕಡೆಯಿಂದ ಮೆಲ್ಲಗೆ ಬೀಸುವ ಗಾಳಿ ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿನಿಂದ ಬರುತ್ತದೆ. ಪೂರ್ವದ ಒಣಗಾಳಿ ಗಟ್ಟಿಯಾಗಿ ನಿಂತು ಕಡಲಗಾಳಿ ತಡವಾದ ದಿನಗಳಲ್ಲೇ ನಮ್ಮಲ್ಲಿ ಉಷ್ಣಾಂಶ ಏಕಾಏಕಿ ಏರುವುದು. ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿ ಎಂದು ಪರಿಗಣಿಸಬೇಕಾದರೆ ಗರಿಷ್ಠ ಉಷ್ಣಾಂಶ 37 ಡಿಗ್ರಿ ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಅಂಥ ಮುನ್ಸೂಚನೆ ಇದ್ದ ದಿನ ಒಂಬತ್ತರೊಳಗೆ ಮನೆ ಸೇರಿ. ಅರ್ಧ ಲೀಟರ್ ನೀರು ಸೈಕಲಿನಲ್ಲೇ ಇರಲಿ, ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಮೀನಿಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬವೇ ಬೇಕು, ಚೀಲ ಸಾಲದು. ಬಂಗುಡೆ, ಬೂತಾಯಿ ಬೇಗ ಕೆಡುವ ಮೀನುಗಳು. 1 ಕಿಲೋ ಮೀನಿಗೆ 1 ಕಿಲೋ ಪುಡಿ ಐಸ್ ಎಂಬುದು ಸರಿಯಾದ ಲೆಕ್ಕ. ಮುಕ್ಕಾಲು ಗಂಟೆಯ ದಾರಿಗೆ ಅರ್ಧ ಕಿಲೋ ಹಾಕಿದರೂ ನಡೆಯುತ್ತದೆ. ಅಡಿಯಲ್ಲಿ ಒಂದು ಪದರ, ಮೇಲೆ ಒಂದು ಪದರ. ಡಬ್ಬವನ್ನು ಕ್ಯಾರಿಯರಿನ ಎಡಬದಿಗೆ ಕಟ್ಟಿ. ಮೀನಿನ ಉಪ್ಪುನೀರು ಸೋರಿದರೂ ಬಲಬದಿಯಲ್ಲಿರುವ ಚೈನಿಗೆ, ಫ್ರೀವೀಲಿಗೆ ಬೀಳುವುದಿಲ್ಲ. ಮೀನು ಇಳಿಸುವ ದಕ್ಕೆಯ ಒಳಗೆ ನೆಲ ಜಾರುತ್ತದೆ. ಅಲ್ಲಿ ಸೈಕಲನ್ನು ನಡೆಸಿಕೊಂಡೇ ಹೋಗಿ, ಮನೆಗೆ ಬಂದ ಕೂಡಲೇ ರಿಮ್ಮು, ಕಡ್ಡಿಗಳನ್ನು ಸಿಹಿನೀರಿನಲ್ಲಿ ಒರೆಸಿ.

ಪ್ರಶ್ನೆ: 25 ಕಿಲೋ ಕುಚ್ಚಲಕ್ಕಿ ಚೀಲ ಹಿಂದೆ ಕಟ್ಟಿದರೆ ಹ್ಯಾಂಡಲ್ ಅತ್ತಿತ್ತ ಆಡುತ್ತದೆ. ಹಿಂದಿನ ಚಕ್ರದ ಕಡ್ಡಿಗಳೂ ತುಂಡಾಗುತ್ತಿವೆ. ಏನು ತಪ್ಪು? (ಸುರತ್ಕಲ್)

ಉತ್ತರ: ಚೀಲ ಹಿಂದಕ್ಕೆ ಸರಿದು ಕೂತಿದೆ. ಭಾರದ ನಡುಬಿಂದು ಹಿಂದಿನ ಚಕ್ರದ ಅಚ್ಚಿನ ನೇರ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ ಇರಬೇಕು. ಒಂದು ಗೇಣು ಹಿಂದೆ ಹೋದರೂ ಮುಂದಿನ ಚಕ್ರದ ಮೇಲಿನ ಭಾರ ಇಳಿದು ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ. ಚೀಲವನ್ನು ಉದ್ದಕ್ಕೆ ಮಲಗಿಸಿ, ಸೀಟಿಗೆ ತಾಗುವವರೆಗೆ ಮುಂದೆ ತಳ್ಳಿ, ನಡುವೆ ಮೊಣಕೈಯಿಂದ ಒತ್ತಿ ತಗ್ಗು ಮಾಡಿ. ಆಗ ಅಕ್ಕಿ ಕ್ಯಾರಿಯರಿನ ಎರಡೂ ಬದಿಗೆ ಇಳಿದು ಕೂರುತ್ತದೆ. ಇದಕ್ಕಿಂತಲೂ ಒಳ್ಳೆಯದು ಅಕ್ಕಿಯನ್ನು ಎರಡು ಚೀಲ ಮಾಡಿ ಎಡಕ್ಕೊಂದು ಬಲಕ್ಕೊಂದು ತೂಗಿಸುವುದು. ಭಾರ ಕೆಳಗಿದ್ದಷ್ಟೂ ಸೈಕಲ್ ಮಾತು ಕೇಳುತ್ತದೆ. ಹಿಮ್ಮಡಿ ಚೀಲಕ್ಕೆ ತಾಗದಷ್ಟು ಜಾಗ ಮಾತ್ರ ಬಿಡಿ.

ಕಟ್ಟಲು ನೈಲಾನ್ ಹಗ್ಗಕ್ಕಿಂತ ಹಳೆಯ ಟ್ಯೂಬ್ ಸೀಳಿದ ಪಟ್ಟಿ ಮೇಲು. ಎರಡು ಬೆರಳಗಲ, ಒಂದೂವರೆ ಮೀಟರ್ ಉದ್ದದ ಮೂರು ಪಟ್ಟಿ ಸಾಕು: ಎರಡು ಅಡ್ಡಕ್ಕೆ, ಒಂದು ಉದ್ದಕ್ಕೆ. ರಬ್ಬರ್ ತಾನಾಗಿಯೇ ಎಳೆದು ಹಿಡಿಯುವುದರಿಂದ ಅಕ್ಕಿ ಕುಸಿದು ಕೂತರೂ ಕಟ್ಟು ಸಡಿಲಾಗುವುದಿಲ್ಲ. ಹಗ್ಗವೇ ಗತಿ ಎಂದಾದರೆ ಅರ್ಧ ಕಿ.ಮೀ. ಹೋದ ಮೇಲೆ ನಿಲ್ಲಿಸಿ ಒಮ್ಮೆ ಬಿಗಿಯಿರಿ. ಉಳಿದ ತುದಿಗಳನ್ನು ಒಳಗೆ ಸಿಕ್ಕಿಸಿ, ಅವು ಕಡ್ಡಿಗೆ ಸುತ್ತಿಕೊಂಡರೆ ಚಕ್ರ ಒಮ್ಮೆಗೇ ನಿಂತುಬಿಡುತ್ತದೆ.

ಇನ್ನು ಕಡ್ಡಿಗಳ ವಿಷಯ. ಸಾಮಾನ್ಯವಾಗಿ ಅವು ಫ್ರೀವೀಲ್ ಬದಿಯಲ್ಲಿ, ಚಕ್ರದ ನಡುವಿನ ಹಬ್ಬಿನ ಹತ್ತಿರ ಬಾಗಿದ ಕಡೆಯೇ ಮುರಿಯುತ್ತವೆ. ಭಾರ ಹೆಚ್ಚಾಯಿತೆಂದು ಮಾತ್ರ ಹೀಗಾಗುವುದಲ್ಲ. ಕಡ್ಡಿಗಳು ಸಡಿಲವಿದ್ದರೆ ಚಕ್ರದ ಪ್ರತಿ ಸುತ್ತಿಗೂ ಆ ಬಾಗು ಹಿಂದೆಮುಂದೆ ಆಡಿ, ತಂತಿಯನ್ನು ಮಡಚಿ ಬಿಡಿಸಿ ಮುರಿದ ಹಾಗೆ ದಣಿದು ತುಂಡಾಗುತ್ತದೆ. ಒಂದು ಮುರಿದರೆ ಅದರ ಪಾಲಿನ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ. ಅದಕ್ಕೇ ಒಂದರ ಹಿಂದೊಂದು ಹೋಗುತ್ತಿರುವುದು. ಬೆರಳಿನಿಂದ ಒಂದೊಂದೇ ಕಡ್ಡಿಯನ್ನು ಮೀಟಿ ನೋಡಿ. ಒಂದೇ ಬದಿಯ ಕಡ್ಡಿಗಳೆಲ್ಲ ಸುಮಾರು ಒಂದೇ ಸ್ವರ ಕೊಡಬೇಕು. ಮಂಕಾಗಿ ಕೇಳುವುದು ಸಡಿಲಾಗಿದೆ. ಮುರಿದವನ್ನು ಹಾಕಿಸುವಾಗ ಇಡೀ ಚಕ್ರದ ಬಿಗಿಯನ್ನು ಸರಿಮಾಡಿಸಿ, ಬರೀ ಬೆಂಡ್ ತೆಗೆಸಿದರೆ ಸಾಲದು.

ಕ್ಯಾರಿಯರಿನ ಮೇಲೆ ಎಷ್ಟು ಕಿಲೋ ಎಂದು ಅಚ್ಚಾಗಿದೆಯೋ ನೋಡಿ. ಈಗಿನ ಅಲ್ಯೂಮಿನಿಯಂ ಕ್ಯಾರಿಯರುಗಳಲ್ಲಿ ಹೆಚ್ಚಾಗಿ 25 ಕಿಲೋ ಎಂದಿರುತ್ತದೆ. ಅದು ಸೀಟಿನ ಕಂಬಕ್ಕೆ ಮಾತ್ರ ಕಚ್ಚುವ, ಕೆಳಗೆ ಕಾಲಿಲ್ಲದ ಬಗೆಯಾಗಿದ್ದರೆ ಅಕ್ಕಿಚೀಲಕ್ಕೆ ಯೋಗ್ಯವೇ ಅಲ್ಲ. ಭಾರ ಹೇರುವ ದಿನ ಹಿಂದಿನ ಟೈರಿಗೆ 5ರಿಂದ 10 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚು ಗಾಳಿ ಹಾಕಿ, ಟೈರಿನ ಬದಿಯಲ್ಲಿ ಬರೆದಿರುವ ಮಿತಿಯನ್ನು ಮಾತ್ರ ದಾಟಬೇಡಿ. ಒಂಟಿ ಕಾಲಿನ ಸ್ಟ್ಯಾಂಡ್ ಈ ಬಿಸಿಲಿಗೆ ಮೆತ್ತಗಾದ ಡಾಮರಿನಲ್ಲೂ ಹೊಯಿಗೆಯಲ್ಲೂ ಇಳಿಯುತ್ತದೆ. ಸಾಮಾನು ತರುವ ಸೈಕಲಿಗೆ ಡಬಲ್ ಸ್ಟ್ಯಾಂಡ್ ಹಾಕಿಸಿಬಿಡಿ.

ಪ್ರಶ್ನೆ: ಗ್ಯಾಸ್ ಸಿಲಿಂಡರನ್ನೂ ಹೀಗೆ ತರಬಹುದೇ? (ಕಟಪಾಡಿ)

ಉತ್ತರ: ಬೇಡ. ಒಳಗಿನ ಅನಿಲ 14.2 ಕಿಲೋ, ಜೊತೆಗೆ ಉಕ್ಕಿನ ತೂಕ. ಒಟ್ಟು ಸುಮಾರು 30 ಕಿಲೋ. ಅದನ್ನು ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು, ಸೈಕಲಿನಲ್ಲಿ ಹಾಗೆ ನಿಲ್ಲಿಸಿದರೆ ಭಾರವೆಲ್ಲ ಮೇಲಕ್ಕೆ ಹೋಗುತ್ತದೆ. ಮನೆಗೆ ತಲುಪಿಸುವ ಖರ್ಚು ಸಿಲಿಂಡರಿನ ಬಿಲ್ಲಿನಲ್ಲೇ ಸೇರಿದೆ. ತಲುಪಿಸಲು ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ಬಿಸಿಲಲ್ಲಿ ನಿಲ್ಲಿಸಿದರೆ ಟ್ಯೂಬ್ ಒಡೆಯುತ್ತದೆ, ಈ ತಿಂಗಳುಗಳಲ್ಲಿ ಗಾಳಿ ಕಡಿಮೆ ಹಾಕಬೇಕು ಎನ್ನುತ್ತಾರೆ. ನಿಜವೇ? (ವಿದ್ಯಾರ್ಥಿ, ಮಣ್ಣಗುಡ್ಡೆ)

ಉತ್ತರ: ಲೆಕ್ಕ ಹಾಕಿ ನೋಡೋಣ. 30 ಡಿಗ್ರಿಯಲ್ಲಿ 50 ಪಿಎಸ್‌ಐ ತುಂಬಿದ ಟೈರು ಬಿಸಿಲಿಗೆ ಕಾದು 60 ಡಿಗ್ರಿ ಮುಟ್ಟಿತು ಎನ್ನಿ. ಒತ್ತಡ ಏರುವುದು ಸುಮಾರು 56ಕ್ಕೆ. ಗಟ್ಟಿಯಾದ ಟೈರಿಗೆ ಇದು ಏನೂ ಅಲ್ಲ. ಬಿಸಿಲಲ್ಲಿ ಒಡೆಯುವ ಟ್ಯೂಬುಗಳಲ್ಲಿ ದೋಷ ಮೊದಲೇ ಇರುತ್ತದೆ: ಬದಿ ಬಿರುಕುಬಿಟ್ಟ ಹಳೆಯ ಟೈರು, ಕಾದಾಗ ಎದ್ದುಬರುವ ಕಳಪೆ ಪ್ಯಾಚು, ಅಥವಾ ರಿಮ್ಮಿನೊಳಗೆ ಸರಿಯಾಗಿ ಕೂರದ ಟೈರಿನ ಅಂಚು. ಗಾಳಿ ಕಡಿಮೆ ಹಾಕಿದರೆ ಬೇರೆಯೇ ಕೇಡು. ಹೊಂಡದ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಗುರುತಿನಂತೆ ಎರಡು ತೂತು ಬೀಳುತ್ತವೆ. ಆದ್ದರಿಂದ ಬೇಕಾದಷ್ಟು ಗಾಳಿ ಹಾಕಿ, ಸೈಕಲನ್ನು ನೆರಳಿನಲ್ಲಿ ನಿಲ್ಲಿಸಿ.

ಸೆಕೆಗೆ ನಿಜವಾಗಿ ಹಾಳಾಗುವುದು ಹಳೆಯ ಮಾದರಿ ವಾಲ್ವಿನೊಳಗಿನ ವಾಲ್‌ಟ್ಯೂಬ್, ಆ ಪುಟ್ಟ ರಬ್ಬರ್ ಕೊಳವೆ. ಬಿಸಿಗೆ ಅದು ಅಂಟಿಕೊಂಡು ಸೀಳುತ್ತದೆ, ಗಾಳಿ ಮೆಲ್ಲಗೆ ಇಳಿಯುತ್ತದೆ. ಪಂಕ್ಚರ್ ಎಂದು ಟೈರು ಬಿಚ್ಚಿಸುವ ಮೊದಲು ವಾಲ್ವಿನ ಬಾಯಿಗೆ ಸ್ವಲ್ಪ ಸಾಬೂನು ನೀರು ಹಚ್ಚಿ. ಗುಳ್ಳೆ ಬಂದರೆ ವಾಲ್‌ಟ್ಯೂಬ್ ಬದಲಿಸಿದರೆ ಮುಗಿಯಿತು. ನಾಲ್ಕೈದು ಸೆಂಟಿಮೀಟರ್ ತುಂಡನ್ನು ಯಾವಾಗಲೂ ಜೊತೆಗಿಟ್ಟುಕೊಳ್ಳಿ. ಪ್ಯಾಚ್ ನೀವೇ ಹಾಕುವುದಾದರೆ ಟ್ಯೂಬನ್ನು ಚೆನ್ನಾಗಿ ಉಜ್ಜಿ, ಸೊಲ್ಯೂಶನ್ ತೆಳ್ಳಗೆ ಸವರಿ, ಐದು ನಿಮಿಷ ಒಣಗಲು ಬಿಟ್ಟು ಆಮೇಲೆ ಅಂಟಿಸಿ. ಹಸಿಯಿರುವಾಗಲೇ ಒತ್ತಿದ ಪ್ಯಾಚು ಮೊದಲ ಬಿಸಿಲಿಗೇ ಏಳುತ್ತದೆ.

ಪ್ರಶ್ನೆ: ಚೈನಿಗೆ ತೆಂಗಿನೆಣ್ಣೆ ಹಾಕುತ್ತಿದ್ದೇನೆ. ಎರಡೇ ದಿನಕ್ಕೆ ಕೆಂಪು ಮಣ್ಣು ಮೆತ್ತಿಕೊಂಡು ಕಿರ್ರೆನ್ನುತ್ತದೆ. (ಪಡೀಲು)

ಉತ್ತರ: ತೆಂಗಿನೆಣ್ಣೆಯನ್ನು ತಲೆಗೂ ಅಡುಗೆಗೂ ಉಳಿಸಿಕೊಳ್ಳಿ. ಚೈನಿನ ಮೇಲೆ ಅದು ಅಂಟಾಗುತ್ತದೆ. ಮುರಕಲ್ಲಿನ ನುಣುಪು ಧೂಳು ಆ ಅಂಟಿಗೆ ಸೇರಿದರೆ ಉಕ್ಕನ್ನೇ ಅರೆಯುತ್ತದೆ. ಸ್ಕೂಟರಿನಿಂದ ತೆಗೆದ ಹಳೆ ಆಯಿಲ್ ಇನ್ನೂ ಕೆಟ್ಟದ್ದು, ಅದರಲ್ಲಿ ಲೋಹದ ಪುಡಿ ಮೊದಲೇ ಇರುತ್ತದೆ. ಮಳೆಗಾಲದ ದಪ್ಪ ಎಣ್ಣೆಯೂ ಈಗ ಬೇಡ. ಸೈಕಲ್ ಚೈನಿನ ತೆಳು ಎಣ್ಣೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ, ಬೇಗ ಆರುವುದರಿಂದ ವಾರಕ್ಕೊಮ್ಮೆ ಹಾಕಬೇಕಷ್ಟೆ.

ಬಟ್ಟೆಗೆ ಒಂದಿಷ್ಟು ಡೀಸೆಲ್ ಹಾಕಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸಿ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ. ಒಣಗಿದ ಮೇಲೆ ಪ್ರತಿ ರೋಲರಿಗೆ ಒಂದೊಂದೇ ಹನಿ, ಚೈನಿನ ಒಳಬದಿಯಿಂದ. ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಈ ಒರೆಸುವ ಕೆಲಸವನ್ನೇ ಹೆಚ್ಚಿನವರು ಬಿಡುತ್ತಾರೆ. ಎಣ್ಣೆ ಬೇಕಾಗಿರುವುದು ರೋಲರಿನ ಒಳಗೆ, ಹೊರಗಿರುವುದು ಧೂಳಿಗೆ ಆಹ್ವಾನ. ಫ್ರೀವೀಲಿನ ಒಳಗೂ ಒಂದೆರಡು ಹನಿ ತೆಳು ಎಣ್ಣೆ ಸಾಕು. ಗ್ರೀಸ್ ತುಂಬಿದರೆ ಒಳಗಿನ ಕಚ್ಚುಹಲ್ಲುಗಳು ಅಂಟಿ, ತುಳಿದಾಗ ಪೆಡಲ್ ಸುಮ್ಮನೆ ಜಾರುತ್ತದೆ.

ಇಷ್ಟು ದಿನ ಅರೆದ ಚೈನನ್ನು ಅಳೆದೂ ನೋಡಿ. ಸ್ಟೀಲ್ ಟೇಪನ್ನು ಒಂದು ಪಿನ್ನಿನ ನಡುವಿನಿಂದ ಹಿಡಿದರೆ 24 ಕೊಂಡಿಗಳ ಆಚೆಗಿನ ಪಿನ್ ಸರಿಯಾಗಿ 12 ಇಂಚಿನಲ್ಲಿರಬೇಕು. 1/16 ಇಂಚು ದಾಟಿದ್ದರೆ ಚೈನು ಬದಲಿಸಿ. 1/8 ಇಂಚು ದಾಟಿದ್ದರೆ ಫ್ರೀವೀಲೂ ಸವೆದಿದೆ. ಅದರ ಮೇಲೆ ಹೊಸ ಚೈನು ಹಾಕಿದರೆ ಏರಿನಲ್ಲಿ ಹಲ್ಲು ಹಾರುತ್ತದೆ.

ಪ್ರಶ್ನೆ: ಮೊಟ್ಟೆ ಒಡೆಯದೆ ತರುವ ಉಪಾಯ? (ಉರ್ವ)

ಉತ್ತರ: ಹಿಂದಿನ ಕ್ಯಾರಿಯರ್ ಬೇಡ, ಕುಲುಕಾಟ ಅಲ್ಲೇ ಹೆಚ್ಚು. ಮುಂದಿನ ಬುಟ್ಟಿಯ ಅಡಿಗೆ ನಾಲ್ಕು ಮಡಿಕೆ ಗೋಣಿ ಹಾಸಿ, ಮೇಲೆ ಮೊಟ್ಟೆಯನ್ನು ಟ್ರೇ ಸಮೇತ ಇಟ್ಟು, ಆಡದಂತೆ ಸುತ್ತ ಸೊಪ್ಪು ಒತ್ತರಿಸಿ. ಡಜನ್ ಲೆಕ್ಕದ್ದಾದರೆ ಬೆನ್ನಿನ ಚೀಲವೇ ಒಳ್ಳೆಯದು, ರಸ್ತೆಯ ಪೆಟ್ಟನ್ನು ನಿಮ್ಮ ಮೈಯೇ ತಡೆಯುತ್ತದೆ.

ಪ್ರಶ್ನೆ: ಮಣಿಪಾಲದಿಂದ ಇಂದ್ರಾಳಿ ಕಡೆಗೆ ಇಳಿಯುವಾಗ ಬ್ರೇಕ್ ಕಿರುಚುತ್ತದೆ, ಹಿಡಿತವೂ ಸಾಲದು. ಹಿಂದೆ 15 ಕಿಲೋ ಸಾಮಾನು ಇರುತ್ತದೆ. (ಮಣಿಪಾಲ)

ಉತ್ತರ: ಚಕ್ರ ಬಿಚ್ಚಿ ಬ್ರೇಕ್ ರಬ್ಬರನ್ನು ನೋಡಿ. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಸ್ಯಾಂಡ್ ಪೇಪರಿನಿಂದ ಮಂದವಾಗುವವರೆಗೆ ಉಜ್ಜಿ. ಒಳಗೆ ಸಿಕ್ಕ ಕಲ್ಲಿನ ಚೂರು, ಅಲ್ಯೂಮಿನಿಯಂ ಚೂರುಗಳನ್ನು ಸೂಜಿಯಿಂದ ಕೀಳಿ, ಇಲ್ಲದಿದ್ದರೆ ಅವು ರಿಮ್ಮನ್ನೇ ಕೊರೆಯುತ್ತವೆ. ರಬ್ಬರಿನ ಗೀರುಗಳ ಆಳ 1 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಬದಲಿಸಿ. ರಿಮ್ಮಿನ ಬದಿಗೆ ಚೈನಿನ ಎಣ್ಣೆ ಹಾರಿರಬಹುದು, ಸಾಬೂನು ನೀರಿನಲ್ಲಿ ತೊಳೆಯಿರಿ. ಮತ್ತೆ ಕೂರಿಸುವಾಗ ರಬ್ಬರಿನ ಮುಂತುದಿ ಹಿಂತುದಿಗಿಂತ 1 ಮಿ.ಮೀ. ಮೊದಲು ರಿಮ್ಮಿಗೆ ತಾಗುವಂತಿರಲಿ, ಕಿರುಚುವುದು ನಿಲ್ಲುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗಲೂ ಹಿಡಿಕೆಗೂ ಹ್ಯಾಂಡಲಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಉಳಿಯಬೇಕು. ಕೇಬಲಿನ ಎಳೆಗಳು ಹಿಡಿಕೆಯ ಬಳಿ ಬಿಚ್ಚಿಕೊಂಡಿದ್ದರೆ ಅಂದೇ ಬದಲಿಸಿ. ಉಪ್ಪುಗಾಳಿಗೆ ಅದು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಇಳಿಯುವಾಗ ವೇಗ ಹೆಚ್ಚಿದ ಮೇಲೆ ಬ್ರೇಕ್ ಹಿಡಿಯುವುದಲ್ಲ, ಹೆಚ್ಚಲು ಬಿಡಬಾರದು. ಗಂಟೆಗೆ 15 ಕಿ.ಮೀ. ವೇಗದಲ್ಲಿ ನಿಲ್ಲಲು ಬೇಕಾಗುವ ದೂರದ ನಾಲ್ಕು ಪಟ್ಟು 30ರ ವೇಗಕ್ಕೆ ಬೇಕು. ಹಿಂದೆ ಭಾರ ಇರುವಾಗ ಹಿಂದಿನ ಬ್ರೇಕ್ ಎಂದಿಗಿಂತ ಚೆನ್ನಾಗಿ ಹಿಡಿಯುತ್ತದೆ, ಆದರೂ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಮುಂದಿನದ್ದೇ. ಎರಡನ್ನೂ ಒಟ್ಟಿಗೆ ಹಿಡಿಯಿರಿ. ಈ ತಿಂಗಳುಗಳಲ್ಲಿ ರಸ್ತೆಯ ಅಂಚಿನಲ್ಲಿ ಒಣ ಎಲೆ, ಅದರಡಿ ಜಲ್ಲಿಪುಡಿ ಬಿದ್ದಿರುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಹಿಡಿಯಬೇಡಿ.

ಪ್ರಶ್ನೆ: ಮಾರ್ಚ್ ಕೊನೆಗೆ ಅಪರೂಪಕ್ಕೊಮ್ಮೆ ಮಳೆ ಹನಿಯುತ್ತದೆ. ಆಗ ಸೈಕಲ್ ತುಳಿಯಬಹುದೇ? (ಕಿನ್ನಿಮೂಲ್ಕಿ)

ಉತ್ತರ: ಮೊದಲ ಹದಿನೈದು ಇಪ್ಪತ್ತು ನಿಮಿಷ ಎಲ್ಲಾದರೂ ಅಂಗಡಿಯ ಮಾಡಿನ ಕೆಳಗೆ ನಿಲ್ಲಿ. ತಿಂಗಳುಗಟ್ಟಲೆ ರಸ್ತೆಗೆ ಇಳಿದ ಎಣ್ಣೆ, ಟೈರಿನ ಪುಡಿ, ಧೂಳು ಎಲ್ಲ ಹನಿಮಳೆಗೆ ಕಲಸಿ ಜಾರುತ್ತದೆ. ಗಟ್ಟಿ ಮಳೆ ಬಂದು ತೊಳೆದ ಮೇಲೆ ರಸ್ತೆ ಎಷ್ಟೋ ವಾಸಿ. ಬಿಳಿ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳಗಳ ಮೇಲೆ ತಿರುಗಿಸಬೇಡಿ. ರಿಮ್ಮು ಒದ್ದೆಯಿದ್ದರೆ ಬ್ರೇಕ್ ಮೊದಲ ಒಂದೆರಡು ಸುತ್ತು ಹಿಡಿಯುವುದಿಲ್ಲ, ಹಳೆಯ ಸೈಕಲಿನ ಉಕ್ಕಿನ ರಿಮ್ಮಾದರೆ ಇನ್ನೂ ಕಡಿಮೆ. ಬೇಕಾಗುವ ಮೊದಲೇ ಹಗುರವಾಗಿ ಒತ್ತಿ ರಿಮ್ಮನ್ನು ಒಣಗಿಸಿಕೊಳ್ಳಿ.